ತಟ್ಟೆಗೆ ಬಂದದ್ದು, ಕಾಗದದಲ್ಲಿ ನಿಂತದ್ದು

(ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತು. ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದದ್ದಕ್ಕೆ, ಆವತ್ತು ಮಾತಾಡಿದ ಹಾಗೇ ಬರೆದಿದ್ದೇನೆ.)



 ನಾನು ಇನ್ನೂ ಬಿ.ಎ. ಓದ್ತಾ ಇರೋ ಹುಡುಗಿ. ಮೈಕ್ ಹಿಡಿದು ಅಭ್ಯಾಸ ಇಲ್ಲ. ತಪ್ಪಾದರೆ ಹೊಟ್ಟೆಗೆ ಹಾಕ್ಕೊಳ್ಳಿ.

"ಮಕ್ಕಳ ಬಡತನ ಹೋಗಬೇಕಾದರೆ ಸರ್ಕಾರ ಏನು ಮಾಡಬೇಕು, ಅದರ ಮೇಲೆ ಮಾತಾಡಮ್ಮ" ಅಂತ ಅಣ್ಣಂದಿರು ಹೇಳಿದಾಗ ಕಾಲೇಜು ಲೈಬ್ರರಿಗೆ ಹೋಗಿ ಪುಸ್ತಕ ಹುಡುಕಿದೆ. ಒಂದಿಷ್ಟು ಅಂಕಿಅಂಶ ಸಿಕ್ಕಿತು. ಲೋಕದಲ್ಲಿ ಸುಮಾರು 110 ಕೋಟಿ ಜನ ಬಡವರಿದ್ದಾರೆ, ಅವರಲ್ಲಿ ಅರ್ಧದಷ್ಟು 18 ವರ್ಷದೊಳಗಿನ ಮಕ್ಕಳು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ನಮ್ಮ ತಮಿಳುನಾಡಿನ ಲೆಕ್ಕ ಚೆನ್ನಾಗೇ ಇದೆ. ನೀತಿ ಆಯೋಗ 2023ರಲ್ಲಿ ಕೊಟ್ಟ ವರದಿ ಪ್ರಕಾರ ಇಲ್ಲಿ ನೂರಕ್ಕೆ ಎರಡೂಕಾಲು ಜನ ಮಾತ್ರ ಬಡವರು. ಅದನ್ನ ಓದಿ ಸಂತೋಷ ಆಯ್ತು. ಪುಸ್ತಕ ಮುಚ್ಚಿ ಬಸ್ ಹತ್ತಿ ಮನೆಗೆ ಬಂದೆ. ನಮ್ಮ ಬೀದಿ ಒಳಗೆ ನಡೆದು ಬರುವಾಗ ಆ ಎರಡೂಕಾಲು ಜನ ಎಲ್ಲಿದ್ದಾರೆ ಅಂತ ಕಂಡಿತು.

ಅದಕ್ಕೇ ನಮ್ಮ ಮನೆಯಿಂದಲೇ ಶುರು ಮಾಡ್ತೀನಿ.

ನಮ್ಮ ತಾತನ್ನ ಹತ್ತು ವರ್ಷಕ್ಕೇ ಜೀತಕ್ಕೆ ಬಿಟ್ಟರು. ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ದಿನಕ್ಕೆ ಎರಡು ಹೊತ್ತು ಮುದ್ದೆ. ತಾತ ಹೇಳೋರು: "ಆವತ್ತು ನಮ್ಮವ್ವ ಒಂದು ಕಣ್ಣಲ್ಲಿ ಅತ್ತಳು, ಒಂದು ಕಣ್ಣಲ್ಲಿ ನಕ್ಕಳು. ಮಗ ಹೋದನಲ್ಲ ಅಂತ ಅಳು, ಮನೇಲಿ ಒಂದು ಹೊಟ್ಟೆ ಕಮ್ಮಿ ಆಯ್ತಲ್ಲ ಅಂತ ನಗು." ಜೀತ ರದ್ದು ಮಾಡೋ ಕಾನೂನು ಬಂದದ್ದು 1976ರಲ್ಲಿ. ಅಷ್ಟರಲ್ಲಿ ತಾತನ ಬಾಲ್ಯ ಮುಗಿದು ಹೋಗಿತ್ತು.

ನಮ್ಮಮ್ಮ ಐದನೇ ಕ್ಲಾಸ್ ತನಕ ಓದಿದರು. ಯಾಕಮ್ಮ ಇಸ್ಕೂಲಿಗೆ ಹೋಗ್ತಿದ್ದೆ ಅಂದರೆ ನಾಚಿಕೆ ಇಲ್ಲದೆ ಹೇಳ್ತಾರೆ, "ಊಟಕ್ಕೆ." ಆ ಊಟ ಹೇಗೆ ಬಂತು ಅಂತ ನಾವು ತಿಳ್ಕೊಬೇಕು. 1920ರಲ್ಲಿ ಮದ್ರಾಸ್ ಕಾರ್ಪೊರೇಷನ್ನಿನವರು ಥೌಸಂಡ್ ಲೈಟ್ಸ್ ಅನ್ನೋ ಕಡೆ ಒಂದು ಶಾಲೇಲಿ ಮಕ್ಕಳಿಗೆ ತಿಂಡಿ ಕೊಡೋಕೆ ಶುರು ಮಾಡಿದರು. ಒಂದು ಮಗುವಿಗೆ ಒಂದಾಣೆ ಮೀರಬಾರದು ಅಂತ ಲೆಕ್ಕ. ಕೆಲವೇ ವರ್ಷದಲ್ಲಿ ಅದು ನಿಂತು ಹೋಯ್ತು. 1956ರಲ್ಲಿ ಕಾಮರಾಜರು ಮಧ್ಯಾಹ್ನದ ಊಟ ತಂದರು. 1982ರ ಜುಲೈ 1ರಿಂದ ಎಂ.ಜಿ.ಆರ್. ಅದನ್ನ ರಾಜ್ಯಕ್ಕೆಲ್ಲ ದೊಡ್ಡದು ಮಾಡಿದರು. ಆಮೇಲೆ ಮೊಟ್ಟೆ ಬಂತು. ದುಡ್ಡು ದಂಡ, ರಾಜ್ಯ ಮುಳುಗುತ್ತೆ ಅಂದವರು ಆವಾಗಲೂ ಇದ್ದರು. ರಾಜ್ಯ ಮುಳುಗಲಿಲ್ಲ. ನಮ್ಮಮ್ಮ ತನ್ನ ಹೆಸರು ಬರೆಯೋದು ಕಲಿತರು. ಅಮ್ಮ ಹೆಸರು ಬರೆಯೋದು ಕಲಿತದ್ದಕ್ಕೆ ನಾನು ಇವತ್ತು ಬಿ.ಎ. ಓದ್ತಾ ಇದ್ದೀನಿ.

ತಾತ ಜೀತಕ್ಕೆ, ಅಮ್ಮ ಊಟಕ್ಕೆ, ನಾನು ಡಿಗ್ರಿಗೆ. ಮೂರು ತಲೆ. ಇದು ನಮ್ಮ ಮನೆ ದೇವರ ಕೃಪೆಯಿಂದ ಆದದ್ದಲ್ಲ, ನಮ್ಮ ತಾತ ಅಮ್ಮನಿಗಿಂತ ನಾನು ಬುದ್ಧಿವಂತೆ ಅಂತಾನೂ ಅಲ್ಲ. ಪ್ರತಿ ಸಲ ಒಂದು ಸರ್ಕಾರ ಒಂದು ತೀರ್ಮಾನ ತಗೊಂಡಿದೆ. ಬಡತನ ಹಣೆಬರಹ ಅನ್ನೋರಿಗೆ ನಾನು ಹೇಳೋದು ಇದು: ಹಣೆಬರಹ ಆಗಿದ್ದರೆ ಅದು ಒಂದು ಜಿ.ಓ.ಯಿಂದ ಬದಲಾಗ್ತಿರಲಿಲ್ಲ.

ಈಗ ಬೆಳಗಿನ ತಿಂಡಿಗೆ ಬರೋಣ. 2022ರ ಸೆಪ್ಟೆಂಬರ್ 15ಕ್ಕೆ ಮಧುರೆಯಲ್ಲಿ ಶುರುವಾದ ಯೋಜನೆ ಮುಂದಿನ ವರ್ಷ ಆಗಸ್ಟಿನಲ್ಲಿ 31,008 ಸರ್ಕಾರಿ ಶಾಲೆಗಳಿಗೆ ಬಂತು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಉಪ್ಪಿಟ್ಟು, ಕಿಚಡಿ, ಪೊಂಗಲ್. ಇಲ್ಲಿ ಕೂತಿರೋ ಅಮ್ಮಂದಿರಿಗೆ ಅದರ ಬೆಲೆ ಗೊತ್ತು. ಬೆಳಿಗ್ಗೆ ಏಳಕ್ಕೆ ರೋಸ್ ತೋಟದ ವ್ಯಾನ್ ಬರುತ್ತೆ, ಅಷ್ಟರಲ್ಲಿ ಒಲೆ ಹಚ್ಚೋಕಾಗಲ್ಲ. ಮೊದಲು ಮಕ್ಕಳು ರಾತ್ರಿ ಉಳಿದ ಮುದ್ದೆ ಇದ್ದರೆ ತಿಂದು, ಇಲ್ಲದಿದ್ದರೆ ಟೀ ಕುಡಿದು ಹೋಗ್ತಿದ್ದವು. ಈಗ ಶಾಲೆಗೆ ಬೇಗ ಓಡ್ತವೆ.

ಈ ಊಟದಲ್ಲಿ ಒಂದು ವಿಷಯ ಗಮನಿಸಿ. ತಟ್ಟೆ ಹಿಡಿದು ಕೂತ ಮಗುವನ್ನ ಯಾರೂ "ನಿನ್ನ ಇನ್‌ಕಂ ಸರ್ಟಿಫಿಕೇಟ್ ಎಲ್ಲಿ" ಅಂತ ಕೇಳಲ್ಲ. ಅಪ್ಪನ ಆಧಾರ್ ಕೇಳಲ್ಲ. ಬಂದು ಕೂತರೆ ಸಾಕು, ಸೌಟು ಬರುತ್ತೆ. ರೇಷನ್ ಅಕ್ಕಿನೂ ಹೆಚ್ಚುಕಮ್ಮಿ ಹಾಗೇ. 2011ರಿಂದ ಅಕ್ಕಿಗೆ ದುಡ್ಡಿಲ್ಲ, ನೀನು ಬಡವನಾ ಶ್ರೀಮಂತನಾ ಅಂತ ಪರೀಕ್ಷೆನೂ ಇಲ್ಲ, ಕಾರ್ಡ್ ಇದ್ದರೆ ಆಯ್ತು. ಕೇಳದೇ ಬರೋದು ಎಲ್ಲರಿಗಿಂತ ಬಡವರಿಗೂ ಮುಟ್ಟುತ್ತೆ. ಅರ್ಜಿ ಹಾಕಿ ತಗೊಳ್ಳೋದು, ಅರ್ಜಿ ಹಾಕೋಕೆ ಬರೋರಿಗೆ ಮಾತ್ರ ಮುಟ್ಟುತ್ತೆ. ನಾನು ಇವತ್ತು ಹೇಳೋಕೆ ಬಂದಿರೋ ಮಾತು ಇದೊಂದೇ.

ಅರ್ಜಿ ಮುಟ್ಟದ ಮನೆ ಒಂದರ ಕಥೆ ಹೇಳ್ತೀನಿ. ಆ ಮನೆಯ ಅಕ್ಕನನ್ನ ಕೇಳಿಯೇ ಹೇಳ್ತಾ ಇದ್ದೀನಿ. ಹೆಸರು ಹೇಳಲ್ಲ.

ಆ ಅಕ್ಕ ಆನೇಕಲ್ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದೋರು. ನಮ್ಮಲ್ಲಿ ಅರ್ಧ ಮನೆ ಹಾಗೇ ಅಲ್ವಾ? ಹೆಣ್ಣು ಕೊಡೋದು ತರೋದು ಅತ್ತಿಬೆಲೆ ಚೆಕ್‌ಪೋಸ್ಟ್ ನೋಡಿ ಮಾಡಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದರು, ನಮ್ಮ ನೆಂಟಸ್ತನಕ್ಕೆ ಯಾರೂ ಗೆರೆ ಎಳೀಲಿಲ್ಲ. ಅಕ್ಕನ ಗಂಡ ಗಾರೆ ಕೆಲಸದೋರು. ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಭಾರ ಎತ್ತೋಕಾಗಲ್ಲ. ಅಕ್ಕ ತೋಟಕ್ಕೆ ಹೋಗ್ತಾರೆ. ಮೂರು ಮಕ್ಕಳು. ದೊಡ್ಡವಳು ಆಗ ಒಂಬತ್ತನೇ ಕ್ಲಾಸ್, ಚಿಕ್ಕದು ಇನ್ನೂ ಹಾಲು ಕುಡಿಯೋ ಕೂಸು.

ತಿಂಗಳಿಗೆ ಸಾವಿರ ರೂಪಾಯಿ ಬರೋ ಉರಿಮೈ ತೊಗೈ 2023ರ ಸೆಪ್ಟೆಂಬರಿನಲ್ಲಿ ಶುರುವಾಯ್ತು. ಅದಕ್ಕೆ ಈ ಮನೆಗಿಂತ ಅರ್ಹರು ಇನ್ಯಾರು? ಆದರೆ ಅಕ್ಕನ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇತ್ತು. ಅಲ್ಲಿ ತೆಗೆಸಿ ಚೀಟಿ ತಂದರೆ ಇಲ್ಲಿ ಸೇರಿಸ್ತೀವಿ ಅಂದರು. ಅಲ್ಲಿಗೆ ಹೋದರೆ ಸರ್ವರ್ ಇಲ್ಲ. ಇನ್ನೊಂದು ದಿನ ಹೋದರೆ ಕಾರ್ಡಿನ ಯಜಮಾನಿ, ಅಂದರೆ ಅವರಮ್ಮ, ಬಂದು ಹೆಬ್ಬೆಟ್ಟು ಒತ್ತಬೇಕು. ಚೀಟಿ ತಂದು ಇಲ್ಲಿ ಕೊಟ್ಟರೆ ಹೆಸರಿನಲ್ಲಿ ಒಂದಕ್ಷರ ಬೇರೆ. ಐದು ದಿನ ಓಡಾಡಿದರು. ದಿನಕ್ಕೆ ನಾನೂರು ಕೂಲಿ, ಐದು ದಿನಕ್ಕೆ ಎರಡು ಸಾವಿರ. "ಸಾವಿರ ತಗೊಳ್ಳೋಕೆ ಎರಡು ಸಾವಿರ ಕಳ್ಕೊಂಡೆ, ಸಾಕು ಬಿಡು" ಅಂತ ಕೈಬಿಟ್ಟರು. ಅತ್ತ ಕರ್ನಾಟಕದಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಮನೆ ಯಜಮಾನಿಗೆ. ಅಲ್ಲಿ ಇವರು ಮಗಳು, ಯಜಮಾನಿ ಅಲ್ಲ. ಇಲ್ಲಿ ಯಜಮಾನಿ, ಆದರೆ ಕಾರ್ಡಿಲ್ಲ. ಎರಡು ರಾಜ್ಯಕ್ಕೂ ಸೇರಿದ ಹೆಣ್ಣು ಎರಡು ಲೆಕ್ಕದಲ್ಲೂ ಇಲ್ಲ.

ಆ ಒಂದಕ್ಷರದ ವಿಷಯ ಹೇಳಿಬಿಡ್ತೀನಿ, ಯಾಕಂದರೆ ಇಲ್ಲಿ ಕೂತಿರೋ ಎಲ್ಲರಿಗೂ ಅದು ತಗಲಿಕೊಂಡಿದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಒಂದೇ. ಪ, ಬ ಒಂದೇ. ಅದು ಆ ಭಾಷೆಯ ಗುಣ, ತಪ್ಪಲ್ಲ. ಆದರೆ ಗಂಗಮ್ಮ ಅನ್ನೋ ಹೆಸರು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರೋವಾಗ ಕಂಗಮ್ಮ ಆಗುತ್ತೆ. ಆಧಾರಿನಲ್ಲಿ ಗಂಗಮ್ಮ, ಕಾರ್ಡಿನಲ್ಲಿ ಕಂಗಮ್ಮ. ಕಂಪ್ಯೂಟರಿಗೆ ಇವರಿಬ್ಬರು ಬೇರೆ ಬೇರೆ ಹೆಂಗಸರು! ನನ್ನ ಸ್ಕಾಲರ್‌ಶಿಪ್ಪೂ ಒಂದು ವರ್ಷ ಇಂಥದ್ದೇ ಒಂದಕ್ಷರಕ್ಕೆ ನಿಂತಿತ್ತು. ಆ ವರ್ಷ ಅಮ್ಮ ಓಲೆ ಅಡ ಇಟ್ಟು ಫೀಸ್ ಕಟ್ಟಿದರು. ದುಡ್ಡು ಆಮೇಲೆ ಬಂತು, ಬಡ್ಡಿ ಸೇರಿ ಬರಲಿಲ್ಲ.

ಆ ಮನೆಗೆ ವಾಪಸ್ ಬರ್ತೀನಿ. ಕೂಸನ್ನ ನೋಡ್ಕೊಳ್ಳೋಕೆ ಯಾರು? ಅಂಗನವಾಡಿಗೆ ಎರಡು ವರ್ಷ ತುಂಬಬೇಕು, ಅದೂ ತೆರೆಯೋದು ವ್ಯಾನ್ ಹೋದಮೇಲೆ. ದೊಡ್ಡವಳು ಒಂದು ದಿನ ಶಾಲೆ ಬಿಟ್ಟಳು. ಆಮೇಲೆ ವಾರಕ್ಕೆ ಎರಡು ದಿನ. ಆಮೇಲೆ ಪರೀಕ್ಷೆಗೇ ಹೋಗಲಿಲ್ಲ. ಬಡತನ ಅಂದರೆ ಹೊಟ್ಟೆ ಹಸಿವು ಅಂತ ನಾವಂದುಕೋತೀವಿ. ಆ ಮನೇಲಿ ಹಸಿವಿಲ್ಲ, ಅಕ್ಕಿ ಇದೆ. ಇಲ್ಲದಿದ್ದದ್ದು ಕೂಸನ್ನ ಬಿಡೋಕೆ ಒಂದು ಜಾಗ. ಅದೊಂದಕ್ಕೆ ಒಬ್ಬ ಹುಡುಗಿಯ ಓದು ಹೋಯ್ತು. ಓದು ಬಿಟ್ಟ ಹುಡುಗಿ ಮನೇಲಿದ್ದರೆ ಮುಂದೆ ಏನು ಮಾತು ಶುರುವಾಗುತ್ತೆ ಅಂತ ನಿಮಗೆ ಗೊತ್ತು. ಹದಿನಾರಕ್ಕೇ ಗಂಡು ನೋಡ್ತಾರೆ. ನಮ್ಮ ಜಿಲ್ಲೇಲಿ ಇದು ಹೊಸದಲ್ಲ.

ಈ ಕಥೇಲಿ ನನ್ನ ಪಾಲೂ ಇದೆ. ಪುದುಮೈ ಪೆಣ್ ಯೋಜನೆಯ ಸಾವಿರ ರೂಪಾಯಿ ಪ್ರತಿ ತಿಂಗಳು ನನಗೆ ಬರುತ್ತೆ. ಸರ್ಕಾರಿ ಶಾಲೇಲಿ ಓದಿ ಕಾಲೇಜಿಗೆ ಹೋಗೋ ಹುಡುಗಿಯರಿಗೆ 2022ರಿಂದ ಕೊಡ್ತಾ ಇದ್ದಾರೆ. ನನ್ನ ಕೈಲಿ ಫೋನಿದೆ, ಇ-ಸೇವೆ ಅರ್ಜಿ ಹಾಕೋದು ನನಗೆ ಬರುತ್ತೆ. ದಿನಾ ಬೆಳಿಗ್ಗೆ ಬಸ್ಸಿಗೆ ಆ ಮನೆ ಮುಂದೇ ಹೋಗ್ತಿದ್ದೆ. ಆ ಹುಡುಗಿ ಕೂಸನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಾಗಿಲಲ್ಲಿ ನಿಂತಿರೋಳು. "ಯಾಕೆ ಶಾಲೆಗೆ ಹೋಗಿಲ್ಲ" ಅಂತ ನಾನು ಕೇಳಿದ್ದು ಎಂಟು ತಿಂಗಳು ಆದಮೇಲೆ. ಸರ್ಕಾರದ ಮೇಲೆ ಬೆರಳು ತೋರಿಸೋವಾಗ ಇದನ್ನೂ ಹೇಳಬೇಕು ಅನ್ನಿಸಿತು.

ಈಗ ಸರ್ಕಾರ ಏನು ಮಾಡಬಹುದು ಅನ್ನೋದಕ್ಕೆ ಬರ್ತೀನಿ.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕಾದಲ್ಲಿ ಮಕ್ಕಳಿರೋ ಮನೆಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು. ಆದರೆ ಸಂಪಾದನೆಯೇ ಇಲ್ಲದ ಮನೆಗೆ ಅದು ಸಿಗ್ತಿರಲಿಲ್ಲ. ಎಲ್ಲರಿಗಿಂತ ಬಡವರೇ ಹೊರಗೆ. 2021ರಲ್ಲಿ ಅದನ್ನ ಬದಲಾಯಿಸಿ, ಸಂಪಾದನೆ ಇಲ್ಲದ ಮನೆಗೂ ಸೇರಿಸಿ, ಒಂದು ಮಗುವಿಗೆ ತಿಂಗಳಿಗೆ 250ರಿಂದ 300 ಡಾಲರ್ ಕೊಟ್ಟರು. ಆ ವರ್ಷ ಅಲ್ಲಿ ಬಡ ಮಕ್ಕಳ ಪ್ರಮಾಣ ನೂರಕ್ಕೆ 5.2ಕ್ಕೆ ಇಳೀತು. ಮುಂದಿನ ವರ್ಷ ಕೊಡೋದು ನಿಲ್ಲಿಸಿದರು. 12.4ಕ್ಕೆ ಏರಿತು. ಒಂದೇ ದೇಶ, ಅವೇ ಮಕ್ಕಳು, ಒಂದು ವರ್ಷದ ಅಂತರ.

ನಮ್ಮ ಬಾಬಾಸಾಹೇಬರು ಇದನ್ನ ತುಂಬಾ ಹಿಂದೇನೇ ನೋಡಿದ್ದರು. 1928ರಲ್ಲಿ ಮುಂಬಯಿ ಶಾಸನ ಸಭೆಗೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅದರ ಪರ ಮಾತಾಡಿದರು. ಹೆರಿಗೆಗೆ ಮುಂಚೆ, ಹೆರಿಗೆ ಆದಮೇಲೆ ತಾಯಿಗೆ ವಿಶ್ರಾಂತಿ ಸಿಕ್ಕೋದು ದೇಶದ ಹಿತಕ್ಕೇ, ಹಾಗಾಗಿ ಅದರ ಹೊರೆಯ ಬಹುಪಾಲು ಸರ್ಕಾರ ಹೊರಬೇಕು ಅನ್ನೋದು ಅವರ ವಾದ. ಕೂಲಿ ಹೆಣ್ಣಿನ ಮಗು ಅವಳೊಬ್ಬಳ ಕಷ್ಟ ಅಲ್ಲ, ದೇಶದ ಜವಾಬ್ದಾರಿ. ಬಾಬಾಸಾಹೇಬರೇ ಓದಿದ್ದು ಬರೋಡ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಅದು ಸಮಯಕ್ಕೆ ಬರದೇ ಹೋಗಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡಿ.

ನಾವು ಕೇಳಬೇಕಾದ್ದು ಐದು.

ಒಂದು. ಬೆಳಗಿನ ತಿಂಡಿ ಐದನೇ ಕ್ಲಾಸಿಗೆ ನಿಲ್ಲಬಾರದು. ಮಧ್ಯಾಹ್ನದ ಊಟ ಹತ್ತನೇ ಕ್ಲಾಸ್ ತನಕ ಇದೆ. ಆರನೇ ಕ್ಲಾಸಿಗೆ ಹೋದ ತಕ್ಷಣ ಬೆಳಿಗ್ಗೆ ಹಸಿವಾಗಲ್ವಾ? ಬೆಳೆಯೋ ವಯಸ್ಸು ಅದೇ.

ಎರಡು. ಎರಡು ವರ್ಷದೊಳಗಿನ ಕೂಸುಗಳಿಗೆ ಜಾಗ. ಕೆಲಸಕ್ಕೆ ಹೋಗೋ ಹೊತ್ತಿಗೆ, ಅಂದರೆ ಏಳಕ್ಕೆ ಮುಂಚೆ, ತೆರೀಬೇಕು. ಇದೇನು ಚಂದ್ರಲೋಕದ ಮಾತಲ್ಲ. 2005ರ ಉದ್ಯೋಗ ಖಾತರಿ ಕಾನೂನು, ನಾವು ನೂರು ದಿನದ ಕೆಲಸ ಅಂತೀವಲ್ಲ, ಅದರಲ್ಲೇ ಬರೆದಿತ್ತು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ಕೂಲಿ ಕೊಟ್ಟು ಇಡಬೇಕು ಅಂತ. ಎಷ್ಟು ಕಡೆ ನೋಡಿದ್ದೀರಿ? ಪಕ್ಕದ ಕರ್ನಾಟಕದಲ್ಲಿ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ತೆರೆದಿದ್ದಾರೆ. ಹೆಸರೇ ಎಷ್ಟು ಚೆನ್ನಾಗಿದೆ. ನಮಗೂ ಒಂದು ಬೇಕು. ದುಡ್ಡೆಲ್ಲಿ ಅಂದರೆ, 2024ರಲ್ಲಿ ತಮಿಳುನಾಡು ಪರಿಶಿಷ್ಟ ಜಾತಿ, ಪಂಗಡದವರ ಅಭಿವೃದ್ಧಿಗೆ ಹಣ ಮೀಸಲಿಡೋ ಕಾನೂನನ್ನೇ ಮಾಡಿದೆ. ನಮ್ಮ ಹೆಸರಲ್ಲಿ ಇಟ್ಟ ದುಡ್ಡಲ್ಲಿ ನಮ್ಮ ಕೂಸಿಗೆ ಒಂದು ತೊಟ್ಟಿಲು ಕಟ್ಟಲಿ.

ಮೂರು. ಮಗುವಿನ ಸಹಾಯ ಮಗುವಿನ ಹೆಸರಿಗೇ ಬರಲಿ, ಹುಟ್ಟಿದ ದಿನದಿಂದ. ಆಸ್ಪತ್ರೇಲಿ ಹುಟ್ಟಿದ ಮಗುವಿನ ದಾಖಲೆ ಸರ್ಕಾರದ ಹತ್ತಿರಾನೇ ಇದೆ. ಈಗ ಒಂದು ರೇಷನ್ ಕಾರ್ಡಿಗೆ ಒಬ್ಬರಿಗೇ ಉರಿಮೈ ತೊಗೈ. ಒಂದೇ ಕಾರ್ಡಿನಲ್ಲಿ ಇಬ್ಬರು ಸೊಸೆಯರಿದ್ದರೆ ಒಬ್ಬಳ ಮಕ್ಕಳಿಗೆ ಇಲ್ಲ. ಮಗುವಿನ ಲೆಕ್ಕ ಹಿಡಿದರೆ ಈ ಜಗಳಾನೇ ಇರಲ್ಲ.

ನಾಲ್ಕು. ಗಡಿ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ನಮ್ಮ ರಾಜ್ಯ 2020ರಲ್ಲೇ ಸೇರಿದೆ. ಅಕ್ಕಿ ಗಡಿ ದಾಟುತ್ತೆ. ಮದುವೆಯಾಗಿ ಬಂದ ಹೆಣ್ಣಿನ ಹೆಸರು ಯಾಕೆ ದಾಟಲ್ಲ? ಎರಡು ಆಫೀಸಿಗೂ ಕಂಪ್ಯೂಟರಿದೆ. ಕಾಗದ ಕಾಗದದ ಜೊತೆ ಮಾತಾಡಿಕೊಳ್ಳಲಿ. ಅದಕ್ಕೆ ಕೂಸನ್ನ ಎತ್ತಿಕೊಂಡು ತಾಯಿ ಯಾಕೆ ಬಸ್ ಹತ್ತಬೇಕು? ಹೊಸೂರು, ಡೆಂಕಣಿಕೋಟೆ ತಾಲ್ಲೂಕುಗಳಲ್ಲಿ ತಿಂಗಳಿಗೊಂದು ದಿನ ಎರಡೂ ರಾಜ್ಯದ ಸಿಬ್ಬಂದಿ ಒಟ್ಟಿಗೆ ಕೂತರೂ ಸಾಕು.

ಐದು. ಭಾಷೆ. ತಮಿಳು ನಮಗೆ ಶತ್ರು ಅಲ್ಲ. ನಾನು ತಮಿಳು ಕಲಿತೇ ಈ ಮಟ್ಟಕ್ಕೆ ಬಂದೆ. ಆದರೆ ನಮ್ಮಮ್ಮನಿಗೆ ಅರ್ಜಿ ಓದೋಕೆ ಬರಲ್ಲ. ಯಾವ ಭಾಷೆಯಲ್ಲಾದರೂ ಅಹವಾಲು ಕೊಡೋ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಅರ್ಜಿ ನಮೂನೆಯ ಹಿಂದುಗಡೆ ಕನ್ನಡ, ತೆಲುಗು ಅಚ್ಚು ಮಾಡೋಕೆ ಎಷ್ಟು ಖರ್ಚಾಗುತ್ತೆ?

ಇದಕ್ಕೆ ಒಂದು ಉತ್ತರ ನನಗೆ ಗೊತ್ತು, ಟೀ ಅಂಗಡೀಲಿ ಕೇಳಿದ್ದೀನಿ. "ಸುಮ್ಮನೆ ಕೊಟ್ಟರೆ ಕುಡಿದು ಹಾಳು ಮಾಡ್ತಾರೆ, ಸೋಮಾರಿಗಳಾಗ್ತಾರೆ." ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ ಸಂಜೆ ಆರಕ್ಕೆ ಇಳಿಯೋ ಹೆಂಗಸರನ್ನ ಸೋಮಾರಿ ಅನ್ನೋರು ಒಂದು ದಿನ ಆ ವ್ಯಾನ್ ಹತ್ತಿ ಬರಲಿ. ಕುಡಿತದ ಮಾತಿಗೆ, ಮನೆ ಹಾಳು ಮಾಡೋ ಗಂಡಸರು ನಮ್ಮಲ್ಲೂ ಇದ್ದಾರೆ, ಮುಚ್ಚಿಡಲ್ಲ. ಆದರೆ 2003ರಿಂದ ಆ ಅಂಗಡಿ ನಡೆಸ್ತಾ ಇರೋದೂ ಸರ್ಕಾರವೇ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಗೊಳ್ಳೋದನ್ನೂ ನಾವು ಕೇಳಬೇಕು.

ಇನ್ನೊಂದು ಮಾತು. ತಟ್ಟೆಗೆ ಬಂದದ್ದನ್ನ ಕಾಯೋದೂ ನಮ್ಮ ಕೆಲಸ. ಅಡುಗೆಯವರ ಕೆಲಸದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೂ 2023ರಲ್ಲಿ ಕರೂರು ಜಿಲ್ಲೆಯ ಒಂದು ಶಾಲೇಲಿ ದಲಿತ ಹೆಂಗಸು ಮಾಡಿದ ಬೆಳಗಿನ ತಿಂಡಿ ನಮ್ಮ ಮಕ್ಕಳು ತಿನ್ನಲ್ಲ ಅಂತ ಕೆಲವು ತಂದೆತಾಯಿ ಹಟ ಹಿಡಿದರು. ಕಲೆಕ್ಟರೇ ಬರಬೇಕಾಯ್ತು. ಅನ್ನ ಕೊಡೋ ಯೋಜನೆ ಜಾತಿಯನ್ನೂ ಒಂದೇ ಪಂಕ್ತೀಲಿ ಕೂರಿಸುತ್ತೆ. ಅದಕ್ಕೇ ಕೆಲವರಿಗೆ ಅದು ನುಂಗೋಕಾಗಲ್ಲ.

ಸರ್ಕಾರ ಬದಲಾಗೋ ತನಕ ನಾವು ಕಾಯೋಕಾಗಲ್ಲ. ಸಂಘಕ್ಕೆ ನನ್ನ ಕೋರಿಕೆ ಇಷ್ಟೇ. ಒಂದು ದಪ್ಪ ನೋಟ್‌ಬುಕ್ ತಗೊಳ್ಳೋಣ. ಮನೆಗೊಂದು ಪುಟ. ಮಕ್ಕಳೆಷ್ಟು, ಯಾವ ಕ್ಲಾಸ್, ಜಾತಿ ಸರ್ಟಿಫಿಕೇಟ್ ಇದೆಯಾ, ಆಧಾರಿನಲ್ಲಿ ಕಾರ್ಡಿನಲ್ಲಿ ಹೆಸರು ಒಂದೇ ಇದೆಯಾ, ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದಾರಾ. ಕಾಲೇಜಿಗೆ ಹೋಗೋ ನಾವು ಏಳೆಂಟು ಜನ ಇದ್ದೀವಿ. ಭಾನುವಾರ ಎರಡು ಗಂಟೆ ಕೂತರೆ ಯಾವ ಅಮ್ಮನೂ ಒಂದಕ್ಷರಕ್ಕೆ ಐದು ದಿನದ ಕೂಲಿ ಕಳ್ಕೊಬೇಕಾಗಿಲ್ಲ. ಯಾವುದಾದರೂ ಮಗು ಸತತವಾಗಿ ಮೂರು ದಿನ ಶಾಲೆಗೆ ಹೋಗದಿದ್ದರೆ ನಾಲ್ಕನೇ ದಿನ ನಾವು ಆ ಬಾಗಿಲಲ್ಲಿ ಇರಬೇಕು. ನನ್ನ ಹಾಗೆ ಎಂಟು ತಿಂಗಳು ಬಿಟ್ಟು ಅಲ್ಲ. ಚಿಕ್ಕ ಹುಡುಗಿಗೆ ಮದುವೆ ಮಾತು ಬಂದರೆ 1098ಕ್ಕೆ ಫೋನ್ ಮಾಡೋಕೆ ಯಾರೂ ಹೆದರಬಾರದು.

ಆ ಹುಡುಗಿ ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಕೂಸನ್ನ ತೊಡೆ ಮೇಲೆ ಮಲಗಿಸ್ಕೊಂಡು ಕೂತಿದ್ದಾಳೆ. ಅವಳಿಗೆ ಇನ್ನೂ ಮದುವೆ ಆಗಿಲ್ಲ. ಪ್ರೈವೇಟಾಗಿ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿಸೋಣ ಅಂತ ಅವರಮ್ಮನ ಹತ್ತಿರ ಮಾತಾಡಿದ್ದೀನಿ. ಅವರು ಹ್ಞೂ ಅಂದಿಲ್ಲ, ಬೇಡ ಅಂತಾನೂ ಅಂದಿಲ್ಲ. "ಕೂಸನ್ನ ಯಾರು ನೋಡ್ಕೊಳ್ಳೋರು" ಅಂತ ಕೇಳಿದರು.

ಆ ಪ್ರಶ್ನೇನ ಸರ್ಕಾರಕ್ಕೆ ಬರೆದು ಕಳಿಸೋಣ. ಅಲ್ಲಿಂದ ಉತ್ತರ ಬರೋ ತನಕ ಬೆಳಿಗ್ಗೆ ಹತ್ತರಿಂದ ಹನ್ನೆರಡು ಕೂಸನ್ನ ನೋಡ್ಕೊಳ್ಳೋಕೆ ನಮ್ಮಜ್ಜಿ ಒಪ್ಪಿದ್ದಾರೆ. ಇನ್ನಿಬ್ಬರು ಅಜ್ಜಿಯರು ಬೇಕು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಹೆಸರು ಕೊಡಿ. ನೋಟ್‌ಬುಕ್ ತಂದಿದ್ದೀನಿ.

ಜೈ ಭೀಮ್.